ಹಸಿ ಬಣ್ಣದ ಕುರ್ಚಿ

"ಕುಡಿದು ಕುಡಿದು ಲಿವರ್ ಹಾಳು ಮಾಡ್ಕೊಂಡು ಈಗ ಕಂಪನಿ ಮೇಲೆ ಗೂಬೆ ಕೂರಿಸ್ತೀಯೇನೇ?"

ಅಕ್ಕನ ಹಳದಿ ಕಣ್ಣು ನೋಡಿ ಕಂಪನಿ ಡಾಕ್ಟರು ಹೇಳಿದ ಮಾತಿದು. ನಮ್ಮಕ್ಕ ಹೆಂಡದ ವಾಸನೆಗೇ ಮೂಗು ಮುಚ್ಚಿಕೊಳ್ಳುವವಳು. ಕೆಲಸದಿಂದ ಬಂದ ಕಾಯಿಲೆ ಎಂದು ಇವರು ಚೀಟಿ ಬರೆದರೆ ಮಾತ್ರ ಕಂಪನಿ ದೊಡ್ಡಾಸ್ಪತ್ರೆಗೆ ಸೇರಿಸುತ್ತದೆ. ಇವರು 'ಕುಡಿತ' ಎಂದು ಗೀಚಿ ಎದ್ದು ಹೋದರು.

ಅಕ್ಕ, ನಾನು, ಶೆಡ್ಡಿನ ಹೆಂಗಸರೆಲ್ಲ ಮಾಡುವುದು ಹಳೆಯ ಬಣ್ಣದ ಡ್ರಮ್ಮು ತೊಳೆಯುವ ಕೆಲಸ. ಒಳಗೆ ತಲೆ ತೂರಿಸಿ, ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಬೇಕು. ಕೆಲಸ ಮುಗಿದ ಮೇಲೆ ಕೈ ತೊಳೆಯಲು ಸೋಪು ಕೇಳಿದರೆ ಮ್ಯಾನೇಜರು ಅದೇ ಥಿನ್ನರ್ ಬಕೆಟ್ಟು ತೋರಿಸುತ್ತಾನೆ. "ನೀರಿದ್ದಂಗೆ ಕಣ್ರೇ, ಏನೂ ಆಗಲ್ಲ."

ಮುಂದಿನ ವಾರ ನಮ್ಮ ಶೆಡ್ಡಿನಲ್ಲೇ ಡಾಕ್ಟರ 'ಕುಡಿತ ಬಿಡಿ' ಭಾಷಣ. ಅವರ ಕುರ್ಚಿಗೆ ಬಣ್ಣ ಹೊಡೆಯಿರಿ ಎಂದು ಮ್ಯಾನೇಜರ ಅಪ್ಪಣೆ. ಹೊಡೆದೆವು. ಅವತ್ತು ಬೆಳಿಗ್ಗೆ ಕುರ್ಚಿಯ ಕೈಗಳಿಗೆ ಮಾತ್ರ ಇನ್ನೊಂದು ಸಲ, ಬಹಳ ಪ್ರೀತಿಯಿಂದ ಹೊಡೆದೆವು. ಶೆಡ್ಡೆಲ್ಲ ಬಣ್ಣದ ವಾಸನೆಯೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಡಾಕ್ಟರು ಲಿವರಿನ ನಾಲ್ಕು ಚಿತ್ರ ತೂಗುಹಾಕಿ ಕೋಲಿನಿಂದ ತೋರಿಸಿದರು. "ಮೊದಲು ಲಿವರಲ್ಲಿ ಕೊಬ್ಬು ತುಂಬುತ್ತೆ. ಆಮೇಲೆ ಊದ್ಕೊಳ್ಳುತ್ತೆ. ಗಾಯ ಮಾಯ್ತಾ ಮಾಯ್ತಾ ಮೆತ್ತಗಿದ್ದ ಕಡೆ ನಾರು ಬೆಳೆಯುತ್ತೆ. ಕೊನೆಗೆ ಬರೀ ಗಂಟು. ಅಲ್ಲಿಂದ ವಾಪಸ್ ಬರೋದು ಕಷ್ಟ."

ನಾನು ನನ್ನ ಜಡ್ಡುಗಟ್ಟಿದ ಅಂಗೈ ಮುಟ್ಟಿ ನೋಡಿಕೊಂಡೆ. ಅಕ್ಕ ಈಗ ಯಾವ ಚಿತ್ರದಲ್ಲಿದ್ದಾಳೋ ಎಂದು ಪಕ್ಕದಲ್ಲಿ ಕೂತಿದ್ದ ಅವಳ ಕಡೆ ತಿರುಗಿ ನೋಡಿದೆ.

ಭಾಷಣ ಮುಗಿಸಿದ ಡಾಕ್ಟರು ಕುರ್ಚಿಯಲ್ಲಿ ಕೂತು ಎರಡೂ ಕೈ ಊರಿದರು. ಎತ್ತಿದರೆ ಅಂಗೈ ತುಂಬ ಹಸಿರು.

"ಥೂ, ಯಾವ ಬೋಳಿಮಗ ಬಳಿದಿದ್ದು ಇದನ್ನ?"

"ಸೋಪಿಗೆ ಬಗ್ಗಲ್ಲ ಸಾರ್," ಎಂದು ನಾನು ಬಕೆಟ್ಟು ತಂದು ಮುಂದಿಟ್ಟೆ. "ಇದರಲ್ಲಿ ಅದ್ದಿ. ನಾವು ದಿನಾ ಇದರಲ್ಲೇ ತೊಳೆಯೋದು."

ಹಾವು ಕಂಡವರಂತೆ ಹಿಂದೆ ಸರಿದರು. "ದೂರ ಇಡು ಅದನ್ನ. ಚರ್ಮದಿಂದ ಒಳಗಿಳಿದು ಲಿವರನ್ನೇ..."

ಅಲ್ಲಿಗೆ ನಾಲಿಗೆ ಕಚ್ಚಿಕೊಂಡರು. ಮ್ಯಾನೇಜರಿಗೆ ಕೆಮ್ಮು ಬಂತು. ಅಕ್ಕ ಎದ್ದು ನಿಂತಳು.

"ಯಾಕೆ ನಿಲ್ಸಿದ್ರಿ ಡಾಕ್ಟ್ರೇ? ನೀರಿದ್ದಂಗೆ ಅಂತಾನಲ್ಲ ಈ ಮುಂಡೇಮಗ. ಅದ್ದಿ ಕೈನ. ಇಲ್ಲಾಂದ್ರೆ ಈಗ ಅಂದಿದ್ದನ್ನೇ ಚೀಟೀಲಿ ಬರೀರಿ."

"ಕೈಯೆಲ್ಲ ಬಣ್ಣ ಆಗಿದೆಯಮ್ಮಾ." ಹೋದ ವಾರದ 'ಏನೇ' ಹೋಗಿ ಈಗ 'ಅಮ್ಮಾ' ಬಂದಿತ್ತು.

"ಪರವಾಗಿಲ್ಲ. ಬಣ್ಣ ಮೆತ್ಕೊಂಡ್ರೂ ಓದ್ಬಹುದು."

ನಾವು ಖಾಲಿ ಡ್ರಮ್ಮುಗಳನ್ನು ಉರುಳಿಸಿ ತಂದು, ಬಾಗಿಲಿಗೆ ಅಡ್ಡ ನಿಲ್ಲಿಸಿ ಮೇಲೆ ಹತ್ತಿ ಕೂತೆವು. ಡಾಕ್ಟರು ಒಮ್ಮೆ ಬಕೆಟ್ಟು ನೋಡಿದರು, ಒಮ್ಮೆ ಅಕ್ಕ ಚಾಚಿದ ಪೆನ್ನು ನೋಡಿದರು. ಅವರ ಅಂಗೈ ಮೇಲೆ ಬಣ್ಣ ಒಣಗುತ್ತಿತ್ತು.