ಹೊಳೆವ್ವನ ಮೂಗಿನ ಐದು ತಳಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬನಹಟ್ಟಿಯ ನಮ್ಮ ಓಣಿಗೆಲ್ಲ ಗೊತ್ತು. ಅಂಥವಳಿಗೆ ಊರವರ ಮೂಗಿಗೆ ಕಡ್ಡಿ ಹಾಕುವ ಕೆಲಸ ಗಂಟುಬಿತ್ತು. ಯಾವ ರೋಗವೂ ಇಲ್ಲದ ಗಟ್ಟಿಮುಟ್ಟಾದ ಜನರ ಮೂಗಿನಲ್ಲೂ ಬ್ಯಾಕ್ಟೀರಿಯಾ ಆರಾಮಾಗಿ ಸಂಸಾರ ಹೂಡಿರುತ್ತವೆ. ಜಾತಿ ಒಂದೇ ಆದರೂ ತಳಿ ಬೇರೆ ಬೇರೆ. ಯಾರಲ್ಲಿ ಯಾವ ತಳಿ ಎಂಬುದೇ ನನ್ನ ಪಿಎಚ್‌ಡಿ. ಎರಡು ವರ್ಷ ಸ್ಕೂಟಿಯಲ್ಲಿ ಜಮಖಂಡಿ, ಮುಧೋಳ, ಬೀಳಗಿ ಸುತ್ತಿ ಇನ್ನೂರು ಮೂಗು ಕಂಡಿದ್ದೇನೆ.

ಚಿಕ್ಕಪಡಸಲಗಿ ಹತ್ತಿರ ಕುರಿ ಸಾಕುವ ಮುದುಕ ಕಾಮಣ್ಣನ ಮನೆಯಲ್ಲಿ ಏಳು ಮಂದಿ. ನಾನು ಹೋದ ದಿನ ಅವನ ಹೆಂಡತಿ ಹೊಳೆವ್ವ ಒಬ್ಬಳೇ ಇದ್ದಳು. ಉಳಿದವರೆಲ್ಲ ಕುರಿಗಳ ಹಿಂದೆ ಹೊಳೆದಂಡೆಗೆ ಹೋಗಿದ್ದರು. ಕಾಯುವ ತಾಳ್ಮೆ ನನಗೆಲ್ಲಿಯದು? ಹತ್ತಿ ಸುತ್ತಿದ ಕಡ್ಡಿಯನ್ನು ಮೂಗಿನಲ್ಲಿ ಹೇಗೆ ತಿರುಗಿಸಬೇಕೆಂದು ತೋರಿಸಿ, ಏಳು ಟ್ಯೂಬು ಅವಳ ಕೈಗಿಟ್ಟು, ಎಲ್ಲರದ್ದೂ ತೆಗೆದಿಡಲು ಹೇಳಿ ಬಂದೆ. ಸಂಜೆ ಮರಳಿ ಹೋದಾಗ ಏಳೂ ಟ್ಯೂಬು ಸಿದ್ಧವಾಗಿದ್ದವು.

ಮೂರು ತಿಂಗಳ ಮೇಲೆ ಫಲಿತಾಂಶ ಬಂತು. ನಾವು ನೋಡಿದ ಬೇರೆ ಮನೆಗಳಲ್ಲಿ ಒಂದೋ ಎರಡೋ ತಳಿಯನ್ನು ಎಲ್ಲರೂ ಹಂಚಿಕೊಂಡಿದ್ದರು. ಇಲ್ಲಿ ಏಳು ಟ್ಯೂಬಿನಲ್ಲಿ ಐದು ತಳಿ. ನನ್ನ ಗೈಡ್ ನೀಲಕಂಠ ಸರ್ ಕುಣಿಯುವುದೊಂದು ಬಾಕಿ. ಸೋಮವಾರ ಪಿಎಚ್‌ಡಿ ಕಮಿಟಿಯ ಮುಂದೆ ಈ ಮನೆಯ ಬಗ್ಗೆಯೇ ಮಾತಾಡು ಎಂದರು. ಯಾರು ಯಾರ ಜೊತೆ ಉಣ್ಣುತ್ತಾರೆ, ಮಲಗುತ್ತಾರೆ ಎಂದು ಕೇಳಿಕೊಳ್ಳಲು ಶನಿವಾರ ಹಿಗ್ಗಿನಿಂದ ಮತ್ತೆ ಅಲ್ಲಿಗೆ ಹೋದೆ.

"ಮುತ್ಯಾ, ಕಡ್ಡಿ ಹಾಕ್ಕೊಂಡ ದಿನ ನಿಮಗ ನೆಗಡಿ ಇತ್ತೇನ್ರಿ?"

"ಯಾವ ಕಡ್ಡಿ?" ಎಂದ ಕಾಮಣ್ಣ.

ಹೊಳೆವ್ವ ಬಾಯಿಗೆ ಸೆರಗು ಹಿಡಿದಳು. "ಎಲ್ಲಾ ನಾನ ತುಂಬೀನಿ ತಂಗಿ. ಇವರು ಬರೂದು ತಡಾ ಆತು. ಮನಿಗೆ ಬಂದದ್ದು ಖಾಲಿ ಹೆಂಗ ಹೊಳ್ಳಿ ಕೊಡೂದು? ಮಗ್ಗಲಮನಿ ಬಟ್ಟಲ ಬಂದರೂ ಚಿಟಿಕಿ ಸಕ್ಕರಿನರ ಹಾಕಿ ಕೊಡತೀವಿ."

"ಏಳೂ ನಿನ್ನ ಮೂಗಿಂದನ, ಆಯಿ?"

"ಎಡಕ್ಕ ಮೂರು, ಬಲಕ್ಕ ನಾಕು."

ಸಿಟ್ಟು ನೆತ್ತಿಗೇರಿತು. ಆದರೆ ಯಾರನ್ನು ಬೈಯಲಿ? ಟ್ಯೂಬು ಬಿಟ್ಟುಹೋದವಳು ನಾನೇ. ಬಾಯಿ ಮುಚ್ಚಿಕೊಂಡಿದ್ದರೆ ಸೋಮವಾರ ಚಪ್ಪಾಳೆ. ಹೇಳಿದರೆ ನನ್ನ ಎರಡು ವರ್ಷದ ಕೆಲಸವನ್ನೇ ಯಾರೂ ನಂಬಲಿಕ್ಕಿಲ್ಲ. ಆದರೂ ಸುಳ್ಳು ಹೇಳಿ ಡಾಕ್ಟರ್ ಅನ್ನಿಸಿಕೊಳ್ಳುವುದು ನನ್ನಿಂದಾಗದು. ಅಂಗಳದಲ್ಲೇ ನಿಂತು ಸರ್‌ಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ.

"ಅಂದ್ರ ಒಬ್ಬಾಕಿ ಮೂಗಿನಾಗ ಐದು?" ಎಂದರು ಸರ್. "ಉಳದವರದು ನಾವು ಒಂದೊಂದ ಕಡ್ಡಿ ತಗೊಂಡು, ಅದರಾಗ ಬೆಳದ ಬ್ಯಾಕ್ಟೀರಿಯಾದಾಗ ಒಂದ ಚುಕ್ಕಿ ಅಷ್ಟ ನೋಡೀವಿ. ಅವರ ಮೂಗಿನಾಗೂ ಇನ್ನ ಎಷ್ಟ ತಳಿ ಅದಾವೋ."

ಕಾಮಣ್ಣ ನಡುವೆ ಬಾಯಿ ಹಾಕಿದ. "ಒಂದ ಕುರಿ ನೋಡಿ ಹಿಂಡೆಲ್ಲಾ ಕರೇದು ಅಂದಂಗಾತಲ್ರಿ ಸಾಹೇಬ್ರ."

ಸರ್ ಗೊಳ್ಳನೆ ನಕ್ಕರು. "ಖರೆ ಐತ್ರಿ. ಉಜ್ವಲಾ, ತಪ್ಪಿಗೆ ಬೈಗಳ ತಪ್ಪಂಗಿಲ್ಲ. ಸೋಮವಾರ ಇದ್ದದ್ದು ಇದ್ದಂಗ ಹೇಳು. ಆ ತಾಯಿ ಒಪ್ಪಿದರ ಅವರಿಂದನ ಮತ್ತ ಶುರು ಮಾಡು, ಒಬ್ಬೊಬ್ಬರದು ಹತ್ತ ಹತ್ತ ಕಡ್ಡಿ. ನಿನ್ನ ಕೆಲಸ ಹಾಳಾಗಿಲ್ಲ, ಈಗ ಚಾಲೂ ಆತು."

"ಐದೂ ಕೂಡಿ ನನಗೇನೂ ಮಾಡೂದಿಲ್ಲೇನ?" ಎಂದಳು ಹೊಳೆವ್ವ.

"ಏನೂ ಮಾಡಿಲ್ಲಲ್ಲ ಆಯಿ. ನಿನ್ನ ಜೋಡಿ ಛಲೋ ಅದಾವ."

"ಹಂಗಾರ ಇರಲಿ ಬಿಡು, ಪಾಪ. ತಗೋ, ಎಷ್ಟ ಬೇಕೋ ಅಷ್ಟ ಕಡ್ಡಿ ಹಾಕು."

ಸಂತೋಷಕ್ಕೆ ನನಗೆ ಅಳುವೇ ಬಂದುಬಿಟ್ಟಿತು. ಕಣ್ಣು, ಮೂಗು ಎರಡೂ ಸೋರತೊಡಗಿದವು. ವೇಲಿನಿಂದ ಮೂಗು ಒರೆಸಿಕೊಳ್ಳಲು ಹೋದರೆ ಹೊಳೆವ್ವ ನನ್ನ ಕೈ ಹಿಡಿದಳು.

"ತಡಿ, ವರಸಬ್ಯಾಡ. ಊರ ಮಂದಿ ಮೂಗೆಲ್ಲಾ ನೋಡಿದಿ, ನಿಂದ ನೋಡ್ಕೊಂಡಿಯೇನ?"

ಇನ್ನೂರರಲ್ಲಿ ನನ್ನದು ಇರಲೇ ಇಲ್ಲ. ಚೀಲದಿಂದ ಒಂದು ಕಡ್ಡಿ ತೆಗೆದು ಅವಳಿಗೆ ಕೊಟ್ಟು, ಮುಖ ಮೇಲೆತ್ತಿ ನಿಂತೆ.