ಇಂಚರಾಳ ಮೊದಲ ಮಾತು ನಾನು

ನಾನು ಒಂದು ಚಿತ್ರದ ಕಾರ್ಡು. ಅಂಗೈಯಗಲ ಇದ್ದೇನೆ, ಮೈಮೇಲೆ ಒಂದು ಲೋಟ ನೀರಿನ ಚಿತ್ರ. ಹುಟ್ಟಿದ್ದು ಗದಗಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ. ಲ್ಯಾಮಿನೇಷನ್ ಮಾಡಿಸಿಕೊಂಡು ಹೊರಬಂದಾಗ ನನ್ನ ಹೊಳಪು ನೋಡಬೇಕಿತ್ತು! ಜಂಬ ಅನ್ನಿ, ಪರವಾಗಿಲ್ಲ. ಜಂಬಪಡುವಂಥ ಬಾಳನ್ನೇ ಬಾಳಿದ್ದೇನೆ.

ನನ್ನನ್ನು ಮಾಡಿಸಿದವರು ಫರ್ಜಾನಾ ಟೀಚರ್. ಆಟಿಸಂ ಇರುವ ಮಕ್ಕಳಿಗೆ ಎಬಿಎ ಥೆರಪಿ ಕೊಡುವುದು ಅವರ ಕೆಲಸ. ಮಗುವಿಗೆ ಏನಿಷ್ಟ ಎಂದು ಮೊದಲು ತಿಳಿದು, ಕಲಿಯಬೇಕಾದ್ದನ್ನು ಚಿಕ್ಕ ಚಿಕ್ಕ ತುಣುಕು ಮಾಡಿ, ಒಂದೊಂದನ್ನು ಕಲಿತಾಗಲೂ ಅದಕ್ಕೆ ಇಷ್ಟವಾದ್ದನ್ನೇ ಕೈಗಿಟ್ಟು ಹುರುಪು ತುಂಬುವ ವಿದ್ಯೆ ಅದು.

ಒಂದು ದಿನ ಶೈಲಾ ಎಂಬ ತಾಯಿ, ಇನ್ನೂ ಒಂದು ಮಾತೂ ಆಡದ ನಾಲ್ಕು ವರ್ಷದ ಮಗಳು ಇಂಚರಾಳನ್ನು ಎತ್ತಿಕೊಂಡು ಬಂದರು. ಮೊದಲು ಬೇರೆ ಕಡೆ ತೋರಿಸಿದ್ದರಂತೆ. ಅಲ್ಲಿ ತಾಯಿಯನ್ನು ಹೊರಗೆ ನಿಲ್ಲಿಸಿ, ಮಗು ಎಷ್ಟೇ ಅತ್ತರೂ ಅದುಮಿ ಹಿಡಿದು ಕೂರಿಸುತ್ತಿದ್ದರು. ಹಾಗಾಗಿ ಶೈಲಾ ಕುರ್ಚಿಯ ತುದಿಯಲ್ಲೇ ಕುಳಿತು ಕೇಳಿದರು.

"ಆಕಿ ಅತ್ರ ಏನ್ ಮಾಡ್ತೀರ್ರಿ?"

"ಅಲ್ಲಿಗೇ ನಿಲ್ಲಸ್ತೀವ್ರಿ. ಯಾಕ ಅತ್ಲು ಅಂತ ನೋಡ್ತೀವಿ. ನೀವೂ ಒಳಗ ಕುಂದರ್ರಿ."

"ಮಾತು ಯಾವಾಗ ಬರ್ತಾವ್ರಿ?"

"ಅದನ್ನ ನಾ ಹೇಳಾಕ ಆಗೂದಿಲ್ರಿ. ಮೊದ್ಲ ಬೇಕಾದ್ದನ್ನ ಕೇಳೂದು ಕಲಸೂಣು."

ಸುಳ್ಳು ಭರವಸೆ ಕೊಡದ ಆ ಮಾತು ಶೈಲಾರಿಗೆ ಹಿಡಿಸಿತು. ಕೆಲವು ವಾರಗಳಲ್ಲಿ ಇಂಚರಾ ನನ್ನನ್ನು ಟೀಚರ್ ಕೈಗಿಟ್ಟು ನೀರು ಪಡೆಯುವುದನ್ನು ಕಲಿತಳು. ಆಮೇಲೆ ನಾನು ಅವಳ ಮನೆಗೆ ಹೋದೆ.

ಅಲ್ಲೇ ಎಡವಟ್ಟಾಯಿತು. ಅಜ್ಜಿ ಗಂಗವ್ವ ನನ್ನ ಹೊಳಪು ಕಂಡು, ಹಾಳಾಗಬಾರದೆಂದು ಕುಂಕುಮ ಹಚ್ಚಿ ದೇವರ ಜಗುಲಿಯ ಮೇಲೆ ಇಟ್ಟುಬಿಟ್ಟರು! ದಿನಾ ಊದುಬತ್ತಿಯ ಸೇವೆ. ನನಗೇನೋ ಖುಷಿಯೇ. ಆದರೆ ಕೆಳಗೆ ನಿಂತ ಮಗುವಿನ ಕೈಗೆ ನಾನು ಎಟುಕುತ್ತಿರಲಿಲ್ಲ. ನೀರು ಕೇಳಲಾಗದೆ ಅದು ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿತ್ತು.

ಮನೆಗೆ ಬಂದ ಫರ್ಜಾನಾ ನನ್ನನ್ನು ಕಂಡು ನಕ್ಕರು. "ಅಜ್ಜಿ, ಇದು ಆಕಿ ಬಾಯಿ. ಬಾಯಿ ತಗೊಂಡ್ ಜಗಲಿ ಮ್ಯಾಲ ಇಟ್ರ ಕೂಸು ಹೆಂಗ ಮಾತಾಡಬೇಕ್ರಿ?"

"ಕೇಳೂದ್ಯಾಕ್ ಬೇಕವ್ವಾ? ಕೂಸಿನ ತುಟಿ ಒಣಗೂದ್ರಾಗ ನಾನ ಕುಡಸ್ತೀನಲ್ಲ."

"ನಿಮಗ ನಿದ್ದಿ ಹತ್ತಿದಾಗ ಯಾರು ಕುಡಸ್ತಾರ್ರಿ?"

ಅಜ್ಜಿ ತಾವೇ ನನ್ನನ್ನು ಜಗುಲಿಯಿಂದ ತೆಗೆದುಕೊಟ್ಟರು. ನಾನು ಅಡುಗೆಮನೆಯ ಗೋಡೆಗೆ, ಮಗುವಿನ ಎತ್ತರಕ್ಕೆ ಇಳಿದು ಬಂದು ಅಂಟಿಕೊಂಡೆ. ಕೇಳುವ ಮೊದಲೇ ಕೊಟ್ಟು ರೂಢಿಯಾದ ಅಜ್ಜಿಗೆ ಲೋಟ ಹಿಡಿದು ಸುಮ್ಮನೆ ಕಾಯುವುದೇ ತಪಸ್ಸಾಯಿತು. ಇಂಚರಾ ಬಂದಳು, ಹೋದಳು, ಮತ್ತೆ ಬಂದಳು. ಕೊನೆಗೆ ನನ್ನನ್ನು ಕಿತ್ತು ಅಜ್ಜಿಯ ಅಂಗೈಗೆ ಇಟ್ಟಳು. ಅಜ್ಜಿಯ ಕಣ್ಣೀರು ನನ್ನ ಮೇಲೆ ಬಿತ್ತು.

ಈಗ ನನಗೆ ವಯಸ್ಸಾಗಿದೆ. ಒಂದು ಮೂಲೆಯನ್ನು ಮಗು ಅಗಿದುಬಿಟ್ಟಿದೆ, ಪದರ ಬಿಟ್ಟಿದೆ. ಮೊನ್ನೆ ಊಟದ ಹೊತ್ತಿಗೆ ಅಜ್ಜಿಗೆ ಕೆಂಪು ಚಟ್ನಿ ನೆತ್ತಿಗೇರಿ ಕೆಮ್ಮು ಹತ್ತಿತು. ಇಂಚರಾ ಎದ್ದು ಹೋಗಿ ನನ್ನನ್ನು ಕಿತ್ತು ತಂದು ಅಮ್ಮನ ಕೈಗಿಟ್ಟಳು. ಶೈಲಾ ನೀರು ತಂದು ಮಗಳ ಬಾಯಿಗೆ ಹಿಡಿದರೆ, ಮಗು ಲೋಟವನ್ನು ಆಚೆ ತಳ್ಳಿ, ಅಮ್ಮನ ಸೆರಗು ಹಿಡಿದು ಅಜ್ಜಿಯ ಮುಂದೆ ಎಳೆತಂದು ನಿಲ್ಲಿಸಿತು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಅಜ್ಜಿ ನೀರು ಕುಡಿದು, ಶೈಲಾರ ಕೈಯಿಂದ ನನ್ನನ್ನು ಇಸಿದುಕೊಂಡು ಹೊರಗೆ ಓಡಿದರು. "ನಮ್ಮ ಇಂಚರಾ ನನ್ನ ಸಲುವಾಗಿ ನೀರು ಕೇಳಿದ್ಲು!"

"ಮಾತು ಬಂತೇನವ್ವಾ?" ಎಂದರು ಪಕ್ಕದ ಮನೆಯಾಕೆ.

ಗಂಗವ್ವ ನನ್ನನ್ನು ಎತ್ತಿ ತೋರಿಸಿದರು. "ಬಂದೈತಿ."