ವಿಡಿಯೊದಲ್ಲಿದ್ದ ಬೆರಳು

5

ಎಲ್ಲಿಂದ ಶುರು ಮಾಡಲಿ? ಬಸವೇಶನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗಿನಿಂದ? ಅವನ ಹೆಂಡತಿ ಮೇಘನ ಮರೆತು ಎರಡು ಲೋಟ ಕಾಫಿ ಸೋಸಿದಳು ಎಂದು ಬರೆದೆ, ಹೊಡೆದುಹಾಕಿದೆ. (ಕಥೆಗಳಲ್ಲಿ ವಿಧವೆಯರೆಲ್ಲ ಎರಡು ಲೋಟ ಸೋಸುತ್ತಾರೆ.) ಅವಳು ಸೋಸಿದ್ದು ಒಂದೇ. ಆಗ ಗಂಡನ ಫೋನ್ ಟಿಣ್ ಎಂದಿತು.

"ಧನ್ಯವಾದ ಬಸವೇಶ್ ಸರ್. ಇವತ್ತಿಂದ ನಾನೂ ಇನ್ಸುಲಿನ್ ಬಿಟ್ಟೆ."

(ಅವಳು ಎಂದೇ ಬರೆಯುತ್ತೇನೆ. ನಾನು ಎಂದರೆ ಕೈ ನಿಲ್ಲುತ್ತದೆ.)

4

ಬಸವೇಶ್ ಇನ್ಸುಲಿನ್ ನಿಲ್ಲಿಸಿದ್ದು ಅವಳಿಗೆ ತಿಳಿದದ್ದೇ ಆಸ್ಪತ್ರೆಯಲ್ಲಿ. ವಿಡಿಯೊ ನೋಡಿದ್ದು ಈಗ. ಎನ್.ಆರ್. ಪುರದ ತನ್ನ ಮೊಬೈಲ್ ಅಂಗಡಿಯಲ್ಲಿ ಕೂತು ನಗುತ್ತಾನೆ: ಸೂಜಿ ಬಿಟ್ಟೆ, ಕಷಾಯ ಹಿಡಿದೆ, ಈಗ ಶುಗರ್ ನೋಡಿ. ಮುಂದೆ ತೆರೆಯ ತುಂಬ ಒಂದು ಬೆರಳು, ರಕ್ತದ ಹನಿ, ಮೆಷಿನ್ನಿನಲ್ಲಿ 98.

ಬೆರಳ ತುದಿಯಲ್ಲಿ ಸುಟ್ಟ ಕಲೆ. ಎಂ.ಎಸ್ಸಿ. ಓದುವಾಗ ಲ್ಯಾಬಿನಲ್ಲಿ ಆ್ಯಸಿಡ್ ಬಿದ್ದದ್ದು. ಬಸವೇಶ್ ಎಂ.ಎಸ್ಸಿ. ಓದಿರಲಿಲ್ಲ.

"ಮೆಷಿನ್ ಸರಿ ಇದೆಯಾ ನೋಡ್ತೀನಿ, ಬೆರಳು ಕೊಡೇ ಮಾರಾಯ್ತಿ" ಎಂದಿದ್ದ. ಕೊಟ್ಟಿದ್ದಳು.

3

ಇಲ್ಲಿ 'ಮೋಸಗಾರ' ಎಂದು ಬರೆದೆ. ಮೇಘನ ಜಗಳಕ್ಕೆ ಬಂದಳು. "ಮೋಸ ಮಾಡೋರು ತಾವೇ ಕಷಾಯ ಕುಡಿದು ಸಾಯ್ತಾರಾ?"

ಸರಿ. ಅವನು ನಂಬಿದ್ದ. ತನ್ನ ಶುಗರೂ ನಾಳೆ ಇಳಿಯುತ್ತದೆ, ವಿಡಿಯೊ ಒಂದು ದಿನ ಮುಂಚೆ ಹೋಗಲಿ ಎಂದುಕೊಂಡಿದ್ದ. ಪದ ಹೊಡೆದುಹಾಕಿದೆ. ಅವಳು ವಿಡಿಯೊ ತೆಗೆದುಹಾಕಿದಳು. ಅಷ್ಟರಲ್ಲಿ ಅದು ಕೊಪ್ಪ, ಶೃಂಗೇರಿಯ ಗ್ರೂಪುಗಳನ್ನೆಲ್ಲ ಸುತ್ತುತ್ತಿತ್ತು. ಒಂದೊಂದರಲ್ಲೂ ಬರೆದಳು: "ಈ ಬೆರಳು ನನ್ನದು. ನನಗೆ ಶುಗರ್ ಇಲ್ಲ. ಬಸವೇಶ್ ತೀರಿಹೋದರು. ಇನ್ಸುಲಿನ್ ಬಿಡಬೇಡಿ."

ಮೊದಲ ಉತ್ತರ: "ಫೇಕ್ ನ್ಯೂಸ್ ಹಾಕಬೇಡಿ ಮೇಡಂ."

2

ಮೆಷಿನ್ ಪಕ್ಕದ ಮನೆಯ ಪರಮೇಶ್ವರಪ್ಪನವರದು. ಬಸವೇಶ್ ಎರವಲು ತಂದದ್ದು. ಕೊಡಲು ಹೋದರೆ ಅವರ ಒಲೆಯ ಮೇಲೆ ಕಷಾಯ ಕುದಿಯುತ್ತಿತ್ತು.

"ನಿನ್ ಹತ್ರನೇ ಇರ್ಲಿ ಮಗಾ. ನಂಗಿನ್ನೆಂತಕ್ಕೆ? ಬಸವೇಶ ಹೇಳ್ದಂಗೆ ಸೂಜಿ ಬಿಟ್ಟೆ."

"ಬಸವೇಶ್ ಸತ್ತೋದ್ರು ಮಾವ."

"ಅದು ಹಾರ್ಟ್ ಅಟ್ಯಾಕ್ ಅಂತ ಗ್ರೂಪಲ್ಲಿ ಬಂದಿತ್ತಲ್ಲ."

ಅವಳು ಗ್ರೂಪಿನಲ್ಲಿದ್ದ ವಿಡಿಯೊ ತೆರೆದಳು. ಬೆರಳು ಕಂಡಲ್ಲಿ ನಿಲ್ಲಿಸಿ, ಪಕ್ಕದಲ್ಲಿ ತನ್ನ ಬೆರಳು ಹಿಡಿದಳು. ಅವರು ಅದನ್ನು ನೋಡಿದರು, ಇದನ್ನು ನೋಡಿದರು, ಮತ್ತೆ ಅದನ್ನು ನೋಡಿದರು. ಎದ್ದು ಹೋಗಿ ಒಲೆ ಆರಿಸಿದರು. ಬಂದು ತಮ್ಮ ಬೆರಳು ಚಾಚಿದರು.

1

ರಕ್ತ ತಾಗಿದೊಡನೆ ಮೆಷಿನ್ ಐದರಿಂದ ಕೆಳಕ್ಕೆ ಎಣಿಸುತ್ತದೆ. ಈಗ ಒಂದಕ್ಕೆ ಬಂದಿದೆ.

(ಮುಕ್ತಾಯ, ಮೊದಲ ಬಗೆ: 98. ವಿಡಿಯೊ ಗೆದ್ದಿತು. ಎರಡನೆಯ ಬಗೆ: 480. ಆಟೊ, ಆಸ್ಪತ್ರೆ, ಸದ್ಯ ಬದುಕಿದರು.)

ಓದುಗರೇ, ನಿಮಗೆ ಯಾವ ನಂಬರ್ ಬೇಕೆಂದು ನನಗೆ ಗೊತ್ತು. ಜನಕ್ಕೆ ಬೇಕಾದ ನಂಬರ್ ತೋರಿಸುವವನೊಬ್ಬ ನಮ್ಮ ಮನೆಯಲ್ಲೇ ಇದ್ದ. ನಾನು ಬರೆಯುವುದಿಲ್ಲ.

ಅವಳು ಮೆಷಿನ್ನನ್ನು ಅವರ ಅಂಗೈಯಲ್ಲಿಟ್ಟಳು.

"ನಿಮ್ಮದು ಮಾವ. ನೀವೇ ಓದಿ."